ತುಳಸಿಯ ಪಕ್ಕದ ಕಸಿ ಗಿಡ

ಅತ್ತೆಯವರಿಗೆ, ನಿಮ್ಮ ಜಗಳಗಂಟಿ ಸೊಸೆಯ ನಮಸ್ಕಾರ.

ನೆನಪಿದೆಯಾ, ಊರಿಂದ ತಂದ ಮಾವಿನ ಗೊರಟೊಂದನ್ನು ನೀವು ಈ ಘಾಟ್ಕೋಪರ್ ಬಿಲ್ಡಿಂಗಿನ ಹಿಂದೆ ಹುಗಿದದ್ದು? "ಇಲ್ಲಿ ಸಿಮೆಂಟ್ ಬಿಟ್ಟು ಬೇರೆಂತ ಹುಟ್ಟುತ್ತದೆ?" ಅಂತ ಮಾವ ನಗಾಡಿದ್ದರಂತೆ. ಆಮೇಲೆ ಆ ಮರದ ಮಿಡಿ ಉಪ್ಪಿನಕಾಯಿ ಇಲ್ಲದೆ ಅವರಿಗೇ ಗಂಜಿ ಇಳಿಯುತ್ತಿರಲಿಲ್ಲ. ಈಗ ಬಿಲ್ಡಿಂಗ್ ಒಡೆದು ಟವರ್ ಕಟ್ಟುತ್ತಾರೆ ಅತ್ತೆ. ಮರಕ್ಕೂ ಉಳಿಗಾಲವಿಲ್ಲ. ಜೋಗೇಶ್ವರಿಯಲ್ಲಿ ಬಾಡಿಗೆ ಮನೆ ನೋಡಿ ಆಯ್ತು, ಉಳಿದವರೆಲ್ಲ ಖಾಲಿ ಮಾಡಿ ಹೋದರು. ಮಾವ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. "ಅವಳ ಮರ ಇಲ್ಲಿರುವಾಗ ನಾನು ಎಲ್ಲಿಗೆ ಬರುವುದು?" ಅವರ ಹಠ ನಿಮಗೆ ಹೊಸತಾ?

"ಗೊರಟು ಹಾಕಿದರೆ ಗಿಡ ಬಂದೀತು, ಅದೇ ರುಚಿ ಬರಬೇಕಲ್ಲ" ಅಂತ ನೀವೇ ಹೇಳಿದ್ದಿರಿ. ಅದಕ್ಕೇ, ನಿಮ್ಮ ಮರವನ್ನೇ ಜೊತೆಗೆ ಒಯ್ಯುವ ಅಂತ ಕಸಿ ಕಟ್ಟಲಿಕ್ಕೆ ಹೊರಟೆ. ತೆಂಗಿನಕಾಯಿಯನ್ನೂ ನೆಟ್ಟಗೆ ಒಡೆಯಲಾರದ ನಾನು! ಮೊಬೈಲಿನಲ್ಲಿ ವಿಡಿಯೋ ನೋಡಿ, ಕುಂಡದ ಕಾಟು ಮಾವಿನ ಸಸಿಗಳ ತಲೆ ಕತ್ತರಿಸಿ, ನಡು ಸೀಳಿ, ನಿಮ್ಮ ಮರದ ಕಡ್ಡಿಯನ್ನು ಬೆಣೆಯ ಹಾಗೆ ಕೆತ್ತಿ ಒಳಗೆ ಕೂರಿಸಿದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಐಸ್‌ಕ್ಯಾಂಡಿಯ ಕವರನ್ನು ಟೋಪಿ ಮಾಡಿದೆ. ಆ ಗಾಯಕ್ಕೆ ನೀರು ತಾಗಬಾರದು. ಕಿಟಕಿಯ ಗ್ರಿಲ್ಲಿನಲ್ಲಿ ನಿಮ್ಮ ತುಳಸಿಯ ಪಕ್ಕ ಇಟ್ಟು ಕಾದೆ. ಒಂದರ ಹಿಂದೆ ಒಂದು ಕಪ್ಪಾಗತೊಡಗಿದವು.

ಕಾರಣ ಒಂದು ಬೆಳಿಗ್ಗೆ ಕಣ್ಣಿಗೇ ಬಿತ್ತು. ನೀವು ಕಣ್ಣು ಮುಚ್ಚಿದ ಮೇಲೆ ತುಳಸಿಗೆ ನೀರು ಹಾಕುವುದು ಮಾವನೇ ಅಲ್ಲವಾ? ತುಳಸಿಗೆ ಹೊಯ್ದು, ಟೋಪಿ ಎತ್ತಿ, ಅದೇ ತಂಬಿಗೆಯಿಂದ ನನ್ನ ಕಸಿಯ ನೆತ್ತಿಗೂ!

"ಅಯ್ಯೋ, ಎಂತ ಮಾಡ್ತಾ ಇದ್ದೀರಿ ಮಾವ?"

"ತುಳಸಿಗೆ ಹಾಕಿ ಅವಳ ಮರಕ್ಕೆ ಹಾಕದಿದ್ದರೆ..."

"ಭಕ್ತಿಯಿಂದಲೇ ಕೊಂದಿರಲ್ಲ!" ಅಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ತಂಬಿಗೆಯನ್ನು ಅಲ್ಲೇ ಇಟ್ಟು ಒಳಗೆ ಹೋದವರು ಊಟಕ್ಕೂ ಏಳಲಿಲ್ಲ. ಮರುದಿನ ಮರ ಕಡಿಯುವವರು ಬರುವವರಿದ್ದರು.

ಆ ಗರಗಸದ ಸದ್ದು ಇನ್ನೂ ಕಿವಿಯಲ್ಲಿದೆ. ಕಸಿ ಕಟ್ಟದೆ ಉಳಿದಿದ್ದ ಒಂದೇ ಕಾಟು ಸಸಿಯನ್ನು ಎತ್ತಿಕೊಂಡು ಕೆಳಗೆ ಓಡಿದೆ. ಮೊಗ್ಗು ಉಬ್ಬಿದ, ಹೂ ಬಿಡದ ಕಡ್ಡಿ ಬೇಕು. ಬಿದ್ದ ಕೊಂಬೆಗಳಲ್ಲಿ ಹುಡುಕುವಷ್ಟರಲ್ಲಿ ಮಳೆ ಹನಿಯತೊಡಗಿತು. ಇದೂ ಹಾಳಾದರೆ ಮತ್ತೆ ಕಡ್ಡಿ ಎಲ್ಲಿಂದ ತರುವುದು? ಮರವೇ ಮಲಗಿದೆಯಲ್ಲ... ಅಷ್ಟರಲ್ಲಿ ನನ್ನ ತಲೆಯ ಮೇಲೆ ಕೊಡೆ ಬಿಚ್ಚಿತು. ಮಾವ!

"ನೀನು ಕಟ್ಟು. ಒಂದು ಹನಿ ಬೀಳದ ಹಾಗೆ ನಾನು ಹಿಡೀತೇನೆ."

ಕೊಡೆ ಪೂರ್ತಿ ಸಸಿಯ ಮೇಲೆ. ಅವರು ತೊಯ್ದು ತೊಪ್ಪೆಯಾಗಿ ನಿಂತಿದ್ದರು.

ಆಮೇಲಿನ ದಿನಗಳನ್ನು ಕೇಳಬೇಡಿ ಅತ್ತೆ. ನಲ್ಲಿ ಬಂದ್ ಮಾಡುತ್ತೇವೆ ಅಂತ ಬಿಲ್ಡರಿನ ಜನ ಬಂದು ಹೆದರಿಸಿದರು. ನಿಮ್ಮ ಮಗ ತಲೆ ಚಚ್ಚಿಕೊಂಡರು. ಮಾವ ಬೆಳಿಗ್ಗೆ ಎದ್ದು ಒಂದು ಕೈಯಲ್ಲಿ ತುಳಸಿಗೆ ನೀರು ಹೊಯ್ಯುವುದು, ಇನ್ನೊಂದು ಅಂಗೈಯನ್ನು ಕಸಿಗೆ ಅಡ್ಡ ಹಿಡಿಯುವುದು. ಚಿಗುರದಿದ್ದರೆ ಇವರನ್ನು ಹೊತ್ತುಕೊಂಡು ಹೋಗುವುದಾ? ನನಗೆ ಅನ್ನ ಸೇರುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಟೋಪಿಯೊಳಗೆ ಕೆಂಪು ಚಿಗುರು ಕಂಡಿತು ಅತ್ತೆ! ಮಾವ ಕನ್ನಡಕ ಹಾಕಿ ಬಗ್ಗಿ ನೋಡಿದರು. "ಸಾಮಾನು ಕಟ್ಟಿ" ಅಂದರು, ಅಷ್ಟೇ. ಇವತ್ತು ಟೆಂಪೋ ಬಂತು. ಕುಂಡವನ್ನು ಸಾಮಾನಿನ ಜೊತೆ ಹಿಂದೆ ಇಡಲು ಬಿಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಡ್ರೈವರನ ಪಕ್ಕ ಹತ್ತಿ ಕೂತರು. ನಾನೂ ನಿಮ್ಮ ಮಗನೂ ಹಿಂದಿನಿಂದ ರಿಕ್ಷಾದಲ್ಲಿ ಬರುವವರು. ಟೆಂಪೋ ಹೊರಡುವಾಗ ಮಾವ ಡ್ರೈವರನಿಗೆ ಹಿಂದಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು:

"ಮೆಲ್ಲಗೆ ಬಿಡು ಭಾಯಿ, ಜೊತೆಯಲ್ಲಿ ಲೇಡೀಸ್ ಇದ್ದಾರೆ."