ಗೋಪಿಯ ಕಿವಿಗೆ ಬಿಟ್ಟ ಎಣ್ಣಿ

ದೇವದುರ್ಗ
17 ಫೆಬ್ರುವರಿ 1984, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ತುಳಸಿಯ ನಮಸ್ಕಾರ. ಹೆಂಗಿದ್ದೀ? ಮಣಕಾಲ ನೋವು ಕಡಿಮಿ ಆತೋ ಇಲ್ಲೋ? ತಲಿ ಕಾದಂಗ ಆಗಿ ನಿದ್ದಿ ಬರೂದಿಲ್ಲ ಅಂತ ಹೋದ ಪತ್ರದಾಗ ಬರದಿದ್ದಿ. ಒಂದು ಹನಿ ಎಣ್ಣಿ ತಟಗೋ ಅಂತ ನಾ ಬರಿಯೋದು, ನೀ ಆ ಸಾಲು ಬಿಟ್ಟು ಉಳಿದದ್ದಕ್ಕೆಲ್ಲಾ ಉತ್ತರ ಕೊಡೋದು, ಎಷ್ಟು ವರ್ಷ ಆತು ಈ ಆಟ! ಗೋಪಿ ಮೂರು ವರ್ಷದವ ಇದ್ದಾಗ ಕಿವಿ ಸೋರ್ತದಂತ ನೀ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿ ಬಿಟ್ಟಿ. ಅದರಿಂದನ ಅವನ ಕಿವಿ ಹೋತು ಅಂತ ಹಿಡಕೊಂಡು ಕೂತೀದಿ. ಅವತ್ತಿನಿಂದ ಯಾವ ಕೂಸಿನ ತಲಿಗೂ ನೀ ಎಣ್ಣಿ ಮುಟ್ಟಿಸಿಲ್ಲ, ನಿನ್ನ ತಲಿಗೂ ಇಲ್ಲ. ನನ್ನ ಎರಡೂ ಜಡಿ ಒಣಕಡ್ಡಿ ಹಂಗ ಇರ್ತಿದ್ವು, ಸಾಲ್ಯಾಗ ಹುಡುಗ್ಯಾರು ನಗ್ತಿದ್ರು. ಸಿಟ್ಟಾಗಬ್ಯಾಡ, ನೆನಪಾತು, ಬರದೆ.

ಗೋಪಿ ಹೆಂಗಿದ್ದಾನ? ಮಠದಾಗ ಗಂಧ ತೇಯಲಿಕ್ಕೆ ಹೊತ್ತಿಗೆ ಸರಿಯಾಗಿ ಹೋಗ್ತಾನಂತ ಗೊತ್ತು, ಆ ವಿಷಯದಾಗ ಅವ ನಮ್ಮೆಲ್ಲರಗಿಂತ ಮಡಿವಂತ. ನನ್ನ ಬಗ್ಗೆ ಕೇಳ್ತಾನೇನು? ಎರಡೂ ಕೈಲೆ ಜಡಿ ಜಗ್ಗಿದಂಗ ಮಾಡಿದ್ರ ಅದು ನಾನ, ಮರೀಬ್ಯಾಡ. ಮೂವತ್ತೊಂದು ವರ್ಷದ ತಮ್ಮನ ಬಾಯಾಗ ನನ್ನ ಹೆಸರಿಲ್ಲ, ಕೈಯಾಗ ಅದ.

ನಾ ಇಲ್ಲಿಗೆ ಬಂದು ಹನ್ನೆರಡು ದಿನ ಆತು. ಎಂ.ಎಸ್ಸಿ. ಓದೋ ಐದು ಮಂದಿಯನ್ನ ಮೈಸೂರಿನಿಂದ ಕರಕೊಂಡು ಬಂದೀನಿ. ಸಣ್ಣ ಮಕ್ಕಳಿಗೆ ಕೇಳ್ತದೋ ಇಲ್ಲೋ ಅಂತ ಹೆಂಗ ಪರೀಕ್ಷಾ ಮಾಡಬೇಕು, ಕೇಳದಿದ್ರ ಮುಂದ ಏನು ಮಾಡಬೇಕು, ಅದನ್ನ ಅವರಿಗೆ ಕಲಿಸೋದು ನನ್ನ ಕೆಲಸ. ಅಲ್ಲಿ ಹೊರಗಿನ ಸದ್ದು ಒಳಗ ಬರದಂಥಾ ಖೋಲಿ ಅದ. ಇಲ್ಲಿ ಕೊಟ್ಟದ್ದು ದವಾಖಾನಿ ಹಿಂದಿನ ಸಾಮಾನಿನ ಖೋಲಿ. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ಬಂದ್ ಮಾಡಿ, ಬಸ್ ಸ್ಟ್ಯಾಂಡಿನ ಹಾರ್ನ್ ನಿಲ್ಲೋತನ ಕಾದು ಗಿಲಕಿ ಆಡಿಸಬೇಕು. ಪುಸ್ತಕದಾಗ ಇದ್ಯಾವುದೂ ಇಲ್ರಿ ಮೇಡಂ ಅಂತಾವ ಹುಡುಗರು. ಪುಸ್ತಕ ಬರದವರು ದೇವದುರ್ಗಕ್ಕ ಬಂದಿಲ್ಲಪಾ ಅಂದೆ.

ಸಂಜಿ ಆತಂದ್ರ ಐದೂ ಮಂದಿ ನಕ್ಕೋತ ಮಿರ್ಚಿ ತಿನ್ನಲಿಕ್ಕೆ ಹೋಗ್ತಾರ. ನಾ ಜೊತಿಗಿದ್ರ ಅವರಿಗೆ ನಗು ಬರೂದಿಲ್ಲ, ಅದಕ ನಾ ಹೋಗೂದಿಲ್ಲ. ಒಬ್ಬಾಕಿನ ಕೂತು ಅನ್ನಾ ಸಾರು ಉಂಡು ತಾಟು ತೊಳದು ಇಡ್ತೀನಿ. ಭಾಳ ಒಂಟಿ ಅನಿಸ್ತದ ಅಮ್ಮಾ, ಮೈಸೂರಾಗೂ ಹಿಂಗ. ಕೂಸಿನ ಜೊತಿ ಮಾತಾಡ್ರಿ, ದಿನಾ ಮಾತಾಡ್ರಿ ಅಂತ ಊರ ತಾಯಂದಿರಿಗೆಲ್ಲಾ ಹೇಳೋ ನಾನು ಮನಿ ಕೀಲಿ ತಗದು ಒಳಗ ಹೋದ್ರ ಯಾರ ಜೊತಿ ಮಾತಾಡ್ಲಿ? ನೀವಿರೋ ಮಾನ್ವಿ ಇಲ್ಲಿಂದ ಬಸ್ಸಿಗೆ ಎರಡು-ಮೂರು ತಾಸು. ಆದ್ರೂ ಬಂದಿಲ್ಲ. ನಾಲ್ಕು ವರ್ಷದಿಂದ ಕೆಲಸ, ಕೆಲಸ ಅಂತ ಬರಕೋತ ಬಂದೀನಿ. ಅದು ಪೂರಾ ಖರೆ ಅಲ್ಲ. ನಿನ್ನ ಒಣಗಿದ ತಲಿ ನೋಡಿದ್ರ ನನಗ ಅಲ್ಲಿ ಕೂಡಲಿಕ್ಕೆ ಆಗೂದಿಲ್ಲ.

ಬುಧವಾರ ಅರಕೇರಾದಿಂದ ಒಂದು ಕೂಸು ಬಂತು. ಜಂಬಣ್ಣ ಅಂತ, ಎರಡು ವರ್ಷ ತುಂಬ್ಯಾವ, ಕುರಿ ಕಾಯೋರ ಮನಿ. ಜೊತಿಗೆ ತಾಯಿ ಬಂಡೆಮ್ಮ, ಮತ್ತ ಅಕ್ಕ ಗದ್ದೆಮ್ಮ. ಗದ್ದೆಮ್ಮಗ ಒಂಬತ್ತು ವರ್ಷ ಇರಬೇಕು. "ಇಕಿನ್ನ ಬಿಟ್ರ ಯಾರ ಕಡಿಗೂ ಹೋಗಂಗಿಲ್ರಿ ಅಕ್ಕೋರೆ" ಅಂದಳು ಬಂಡೆಮ್ಮ. ಖರೇನ, ಆ ಕೂಸು ಅಕ್ಕನ ಸೊಂಟ ಬಿಡಲಿಲ್ಲ. ಅದಕ ಮಹಬೂಬೀ ಕೂಸನ್ನ ಗದ್ದೆಮ್ಮನ ತೊಡಿ ಮ್ಯಾಲೆ ಕೂಡಿಸಿದಳು. ಮಹಬೂಬೀ ಅಂದ್ರ ನನ್ನ ವಿದ್ಯಾರ್ಥಿನಿ, ನಮ್ಮ ಮಾನ್ವಿಯಾಕಿನ, ಈ ಪತ್ರ ನಿನ್ನ ಕೈಯಾಗ ಕೊಟ್ಟಾಕಿ. ಎದುರಿಗೆ ಒಬ್ಬಾಕಿ ಬೊಂಬಿ ಹಿಡಕೊಂಡು ಕೂತಳು, ಮಹಬೂಬೀ ಹಿಂದ ನಿಂತು ಸದ್ದು ಮಾಡಿದಳು. ಗಿಲಕಿಗೆ ಕೂಸು ಹೊಳ್ಳಿ ನೋಡ್ತು. ಗಂಟಿಗೂ ನೋಡ್ತು. ಕಾಗದ ಸರಸರ ಅನಿಸಿದ್ರೂ ನೋಡ್ತು. ಐದೂ ಮಂದಿಗೆ ಖುಷಿಯೋ ಖುಷಿ. "ಕೇಳ್ತದ, ಮಾತು ತಡಾ ಅಷ್ಟ" ಅಂತ ಬರದು ಮಹಬೂಬೀ ಹಾಳಿಯನ್ನ ನನ್ನ ಸಹಿಗೆ ಹಿಡದಳು.

ನಾ ಪೆನ್ನಿನ ಟೊಪ್ಪಿಗಿ ತಗದೆ. ಆದ್ರ ನನ್ನ ಕಣ್ಣು ಗದ್ದೆಮ್ಮನ ಕೈ ಮ್ಯಾಲಿತ್ತು. ಕೂಸಿನ ಅಂಗಿಯೊಳಗ, ಪಕ್ಕಡಿ ಎಲುಬಿನ ಹತ್ರ, ಆಕಿ ಹೆಬ್ಬೆಟ್ಟು. ಎಲ್ಲಾ ಮುಗದ್ರೂ ಅದನ್ನ ತಗದಿರಲಿಲ್ಲ. ಇನ್ನೊಂದು ಸಲ ನೋಡೂಣು ಅಂದೆ. ನೆಲದ ನಡುಕ ತಟ್ಟಬಾರದಂತ ದಪ್ಪನ್ನ ಕೌದಿ ಮಡಚಿ ಹಾಕಿ, ಕೂಸನ್ನ ಅದರ ಮ್ಯಾಲೆ ಒಂದನ್ನೇ ಕೂಡಿಸಿ, ಗದ್ದೆಮ್ಮನ್ನ ನನ್ನ ಕಡೆ ಕರಕೊಂಡೆ. ಮಹಬೂಬೀ ಡೋಲು ಬಾರಿಸಿದಳು. ಹೊರಗ ಚೀಟಿ ಮಾಡಿಸೋ ಮಂದಿ ಏನಾತಂತ ಹಣಿಕಿ ಹಾಕಿದ್ರು. ಕೂಸು ಬೊಂಬಿಯ ಕಾಲು ಚೀಪಿಕೋತ ಕೂತಿತ್ತು.

ಗದ್ದೆಮ್ಮ ಹೋ ಅಂತ ಅತ್ತಳು, ಸದ್ದಾದಾಗೊಮ್ಮೆ ತಾನ ಅವನ್ನ ಹೆಬ್ಬೆಟ್ಟಿಲೆ ಒತ್ತಿದ್ದೆ ಅಂದಳು. ಕಿವಿ ಕೇಳದ ಮಕ್ಕಳನ್ನ ರಾಯಚೂರಿಗೆ ಒಯ್ದು ಅಲ್ಲೇ ಇಟಗೋತಾರಂತ ಊರಾಗ ಯಾರೋ ಹೇಳಿದ್ರಂತ. "ನನ್ ತಮ್ಮನ್ನ ಕೊಡಂಗಿಲ್ರಿ" ಅಂತ ಅವನ್ನ ಅಪ್ಪಿಕೊಂಡು ಮೂಲಿಗೆ ಹೋಗಿ ಕೂತಳು. ಬಂಡೆಮ್ಮ ಹೊಡೀಲಿಕ್ಕೆ ಕೈ ಎತ್ತಿದಳು, ನಾ ಆ ಕೈ ಹಿಡದೆ. ಜೋರಾಗೇ ಹಿಡದೆ ಕಾಣ್ತದ, "ಬಿಡ್ರಿ ಅಕ್ಕೋರೆ, ನೋಯಾಕತ್ತದ" ಅಂದಳು. ನನ್ನ ಕಣ್ಣಾಗ ನೀರು ಬಂದಿತ್ತು. ಹುಡುಗರ ಮುಂದ ನಾಚಿಕಿ ಆಗಿ ಹೊರಗ ಬಂದು ಮಾರಿ ತೊಳಕೊಂಡೆ.

ಆಮ್ಯಾಲೆ ಮಹಬೂಬೀ ಕೇಳಿದಳು, ಮೇಡಂ, ನಿಮಗ ಹೆಂಗ ಗೊತ್ತಾತು, ಇದು ಯಾವ ಪುಸ್ತಕದಾಗ ಅದ ಅಂತ. ಅನುಭವ ಅಂತ ಹೇಳಿ ಪಾರಾದೆ. ಆಕಿ ನನ್ನನ್ನ ದೇವರ ಹಂಗ ನೋಡಿದಳು. ಥೂ ನನ್ನ ಜನ್ಮಕ್ಕ ಅನಿಸ್ತು.

ಇವತ್ತು ಮುಂಜಾನಿ ಜಂಬಣ್ಣಗ ಕಿವಿ ಕೇಳೋ ಮಷೀನು ಕಟ್ಟಿದ್ವಿ. ಎದಿ ಮ್ಯಾಲೆ ಕೂಡೋ ಸಣ್ಣ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ತಮ್ಮನ್ನ ಯಾರೂ ಒಯ್ಯೂದಿಲ್ಲ, ಇದನ್ನ ಕಟ್ಟಿ ದಿನಾ ಮಾತಾಡೋ ಕೆಲಸ ನಿಂದು ಅಂತ ಗದ್ದೆಮ್ಮಗ ಎರಡು ದಿನ ಹೇಳಿ ಕೊಟ್ಟಿದ್ವಿ. ಸದ್ದು ಬಂದಾಗ ಒತ್ತಬ್ಯಾಡವ್ವಾ, ಕಿವಿ ಮುಟ್ಟಿ ತೋರಿಸು ಅಂತ. ಮಹಬೂಬೀ ಹಿಂದ ಡೋಲು ಬಾರಿಸಿದಳು. ಕೂಸು ಬಿಸ್ಕೀಟು ಅಗಿಯೋದು ನಿಲ್ಲಿಸ್ತು. ಹೊಳ್ಳಿ ನೋಡಲಿಲ್ಲ, ಸುಮ್ಮ ಬಾಯಿ ತಗದು ಕೂತಿತು. ಗದ್ದೆಮ್ಮ ತಾ ಒತ್ತಿಲ್ಲ ಅಂತ ತೋರಸಲಿಕ್ಕೆ ಎರಡೂ ಕೈ ಮ್ಯಾಲೆ ಎತ್ತಿ ನನ್ನ ಕಡೆ ನೋಡ್ಲಿಕತ್ತಿದ್ದಳು. ಎಷ್ಟೊತ್ತಾದ್ರೂ ಆ ಕೈ ಇಳಿಸಲಿಲ್ಲ, ಕಡಿಗೆ ನಾನ ಹೋಗಿ ಇಳಿಸಿದೆ.

ಮಹಬೂಬೀಗೆ ಚಹಾ ಕೊಡು, ಒಳ್ಳೆ ಹುಡುಗಿ. ಕೆಲಸದಾಗ ನಾನು ಆಕಿಗೆ ಬೈದದ್ದನ್ನ ಹೇಳಿದ್ರ ನಗಬ್ಯಾಡ. ಗೋಪಿಯ ಬೆನ್ನು ತಟ್ಟಿ ನನ್ನ ಜಡಿ ಜಗ್ಗಿ ತೋರಿಸು. ನಿನಗ ಮತ್ತ ನನ್ನ ನಮಸ್ಕಾರ.

ನಿನ್ನ ಮಗಳು
ತುಳಸಿಬಾಯಿ

ತಾ.ಕ.: ಮಹಬೂಬೀ ಚೀಲಾ ಹಿಡಕೊಂಡು ಬಾಗಲಾಗ ನಿಂತಾಳ, ಬಸ್ಸಿಗೆ ಹೊತ್ತಾಗ್ಯದ. ಅಮ್ಮಾ, ಗೋಪಿಗೆ ಎರಡು ವರ್ಷ ಇದ್ದಾಗ, ಹೈದರಾಬಾದಿನ ದೊಡ್ಡ ದವಾಖಾನಿಗೆ ಒಯ್ಯೋ ಹಿಂದಿನ ದಿನ, ಅಪ್ಪ ಮನ್ಯಾಗ ಪರೀಕ್ಷಾ ಮಾಡಿದ್ದ ನೆನಪದ ಏನು? ಬೆನ್ನ ಹಿಂದ ಜಾಗಟಿ ಬಾರಿಸಿದ್ದ. ಗೋಪಿ ನನ್ನ ತೊಡಿ ಮ್ಯಾಲಿದ್ದ. ಮೂರು ಸಲಾನೂ ಹೊಳ್ಳಿ ನೋಡಿದ. "ಕೇಳ್ತದ ಇವಗ, ಹಟ ಅಷ್ಟ" ಅಂತ ಅಪ್ಪ ಹೈದರಾಬಾದಿಗೆ ಹೋಗೂದು ಬಿಟ್ಟ. ಮೂರು ಸಲಾನೂ ನಾ ಒತ್ತಿದ್ದೆ ಅಮ್ಮಾ, ಹೆಬ್ಬೆಟ್ಟಿಲೆ. ಅವನ್ನ ಅಲ್ಲೇ ಬಿಟ್ಟು ಬರ್ತೀರಂತ ಹೆದರಿದ್ದೆ. ನಿನ್ನ ಎಣ್ಣಿ ಮುಟ್ಟೋಕಿಂತ ಒಂದು ವರ್ಷ ಮೊದಲೇ ಅವಗ ಕೇಳ್ತಿರಲಿಲ್ಲ. ಕಿವ್ಯಾಗ ಎಣ್ಣಿ ಬಿಡಬಾರದು, ಅದು ಬ್ಯಾರೆ ಮಾತು, ಆದ್ರ ಅವನ ಕಿವಿ ಕೆಡಿಸಿದ್ದು ನಿನ್ನ ಎಣ್ಣಿ ಅಲ್ಲ. ಅವಗ ಸಿಗಬೇಕಾದದ್ದು ತಪ್ಪಿಸಿದ್ದು ನನ್ನ ಹೆಬ್ಬೆಟ್ಟು. ಇಪ್ಪತ್ತೆಂಟು ವರ್ಷ ನೀ ಅತ್ತಿ, ನಾ ನೋಡಿಕೋತ ಸುಮ್ಮ ಇದ್ದೆ. ಭಾನುವಾರ ಮೊದಲನೇ ಬಸ್ಸಿಗೆ ಬರ್ತೀನಿ. ಎಷ್ಟು ಬೈಯೋದದ ಅಷ್ಟೂ ಬೈ. ಬೈದು ಮುಗದ ಮ್ಯಾಲೆ ಒಂದು ಬಟ್ಟಲ ಎಣ್ಣಿ ಕಾಸು. ಮೊದಲು ನಾ ನಿನಗ ಹಚ್ತೀನಿ, ಆಮ್ಯಾಲೆ ನೀ ನನಗ.