ಪುಸ್ತಕದಲ್ಲಿ ಮಾತ್ರ ಉರಿಯುವ ಕುಲುಮೆ

ಮಾನ್ಯ ಶೈಕ್ಷಣಿಕ ಸಂಯೋಜಕರೇ,

ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಒಂದು ಉಕ್ಕಿನ ಕಾರ್ಖಾನೆಯನ್ನು ಮುಚ್ಚಿಹೋಗಿದೆ ಎಂದು ಬರೆದ ಅಪರಾಧಕ್ಕೆ, ನಿಮ್ಮ ಶಾಲೆಯ ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮೆಲಿಸ್ಸಾಳ ಭೂಗೋಳ ಪ್ರಾಜೆಕ್ಟಿಗೆ ನೀವು ಸೊನ್ನೆ ದಯಪಾಲಿಸಿದ್ದೀರಿ. ಬರುವ ಭಾನುವಾರ ಶಾಲೆಯ ವಾರ ಶುರುವಾಗುವುದರೊಳಗೆ ಆಕೆ ಆ ಕಾರ್ಖಾನೆಯನ್ನು ಕಾಗದದ ಮೇಲೆ ಮತ್ತೆ ತೆರೆಯದಿದ್ದರೆ ಮುಂದಿನ ವರ್ಷ ಅವಳಿಗೆ ಭೂಗೋಳ ವಿಷಯವನ್ನೇ ಕೊಡುವುದಿಲ್ಲವೆಂದೂ ಅಪ್ಪಣೆಯಾಗಿದೆ. ಬ್ರಿಟಿಷರೇ ಕೈಚೆಲ್ಲಿ ಕುಳಿತ ಕೆಲಸವನ್ನು ಬಹ್ರೈನಿನ ಸಿತ್ರಾದ ಒಬ್ಬ ಹುಡುಗಿಯಿಂದ ಮಾಡಿಸಹೊರಟ ನಿಮ್ಮ ದಕ್ಷತೆಗೆ ಮೊದಲು ನಮಸ್ಕಾರ.

ಈ ಪತ್ರ ಕನ್ನಡದಲ್ಲಿ ಏಕೆ ಎಂದರೆ, ಇಂಗ್ಲಿಷಿನಲ್ಲಿ ಬರೆದ ಇಮೇಲುಗಳಿಗೆಲ್ಲ ನಿಮ್ಮ ಕಂಪ್ಯೂಟರು ತಾನೇ ಕೃತಜ್ಞತೆ ಸಲ್ಲಿಸಿ ಕೈತೊಳೆದುಕೊಂಡಿತು. ನೀವು ಕುಂದಾಪುರದ ಕಡೆಯವರೆಂದು ಕೇಳಿದ್ದೇನೆ. ಇದರ ಪ್ರತಿ ಹೋಗುತ್ತಿರುವ ನಮ್ಮ ಕನ್ನಡ ಸಂಘದ ಪತ್ರಿಕೆಯನ್ನು ನೀವಲ್ಲದಿದ್ದರೂ ನಿಮ್ಮ ಮನೆಯವರು ಓದುತ್ತಾರೆ. ಅಷ್ಟಾದರೆ ನನಗೆ ಸಾಕು.

ನೀವು ಕೊಟ್ಟ ವಿಷಯ ನಿಮಗೆ ನೆನಪಿರಬಹುದು: ‘ಭಾರಿ ಕೈಗಾರಿಕೆಯಿಂದ ರೂಪುಗೊಂಡ ಇಂಗ್ಲಿಷ್ ಉಪನಗರವೊಂದರ ಮತ್ತು ಅದರ ಸುತ್ತಮುತ್ತಲಿನ ಅನ್ವೇಷಣೆ’. ಪಠ್ಯದ ಆರನೇ ಪಾಠದಲ್ಲಿ ಆ ಊರಿನ ಫೋಟೋ ಇದೆ. ಚಿಮಣಿಗಳ ಸಾಲು, ಕೆಂಪು ಇಟ್ಟಿಗೆಯ ಮನೆಗಳ ಸಾಲು, ಟೊಪ್ಪಿ ಹಾಕಿದ ಕಾರ್ಮಿಕರ ಸಾಲು. ನಮ್ಮವರಲ್ಲಿ ಪ್ರಾಜೆಕ್ಟು ಎಂದರೆ ಮಕ್ಕಳಿಗೆ ಕೊಟ್ಟು ಅಪ್ಪ ಅಮ್ಮಂದಿರು ಮಾಡುವ ಕೆಲಸ. ಇಲ್ಲೇ ಜುಫೈರಿನಲ್ಲಿರುವ ಗೆಳೆಯರೊಬ್ಬರು ಅಂತರ್ಜಾಲದಿಂದ ಆ ಊರನ್ನಿಡೀ ಇಳಿಸಿಕೊಂಡು, ಆಫೀಸಿನ ಕಲರ್ ಪ್ರಿಂಟರಿನಲ್ಲಿ ಮುದ್ರಿಸಿ, ಥರ್ಮೊಕೋಲಿನ ಚಿಮಣಿಗೆ ಹತ್ತಿಯ ಹೊಗೆ ಅಂಟಿಸಿದರು. ನಮ್ಮ ಕರಾವಳಿಯ ಊರಿನಲ್ಲಿ ಅಂಕ ಎಂದರೆ ಕೋಳಿಗಳು ಹೊಡೆದಾಡುತ್ತವೆ. ಇಲ್ಲಿ ಅಂಕಕ್ಕಾಗಿ ಅಪ್ಪಂದಿರು. ಆ ಹತ್ತಿಗೆ ನೀವು ಕೊಟ್ಟ ಹೊಗಳಿಕೆಯಲ್ಲಿದ್ದಷ್ಟು ಹೊಗೆ ಆ ಊರಿನ ಆಕಾಶದಲ್ಲಿ ಈಗ ಇಲ್ಲ.

ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಕೇಳಬೇಕು. ನನ್ನ ಹೆಂಡತಿ ಶಾಲೆಟಳ ಅಕ್ಕ ಕ್ಲೊಟಿಲ್ಡಾ, ಬಹ್ರೈನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಈಗ ಇಂಗ್ಲೆಂಡಿಗೆ ಹೋಗಿ ಅದೇ ಊರಿನ ಪಕ್ಕದ ಆಸ್ಪತ್ರೆಯಲ್ಲಿದ್ದಾಳೆ. ‘ಅನ್ವೇಷಣೆ’ ಎಂಬ ಶಬ್ದವನ್ನು ನನ್ನ ಮಗಳು ದುರದೃಷ್ಟವಶಾತ್ ಅದರ ಅರ್ಥದಲ್ಲೇ ತೆಗೆದುಕೊಂಡಳು. ರಜೆಯ ದಿನ ದೊಡ್ಡಮ್ಮನನ್ನು ಬಸ್ಸು ಹತ್ತಿಸಿ, ವಿಡಿಯೋ ಕಾಲ್‌ನಲ್ಲಿ ಇಲ್ಲಿಂದಲೇ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಊರು ಸುತ್ತಿದಳು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳು ಇದ್ದವು. ಅವುಗಳ ಹಿಂದೆ ಓಣಿ, ಓಣಿಯ ಕೊನೆಗೆ ಕಾರ್ಖಾನೆಯ ಗೇಟು. ಗೇಟಿನ ಆಚೆಗೆ ಕಾರ್ಖಾನೆ ಇರಲಿಲ್ಲ. ಹುಲ್ಲು, ಹಳದಿ ಹೂವು, ದೂರದಲ್ಲಿ ಆನ್‌ಲೈನ್ ಪಾರ್ಸೆಲುಗಳ ಗೋದಾಮು. ಕಾರ್ಮಿಕರ ಕ್ಯಾಂಟೀನು ಜಿಮ್ ಆಗಿತ್ತು. ಮೊದಲು ದುಡಿದು ಬೆವರುತ್ತಿದ್ದವರ ಊರಿನಲ್ಲಿ ಈಗ ದುಡ್ಡು ಕೊಟ್ಟು ಬೆವರುತ್ತಾರೆ. ಮೆಲಿಸ್ಸಾ ಪಠ್ಯದ ಫೋಟೋವನ್ನು ಪರದೆಗೆ ಹಿಡಿದು, ಅದನ್ನು ತೆಗೆದ ಜಾಗದಲ್ಲೇ ದೊಡ್ಡಮ್ಮನನ್ನು ನಿಲ್ಲಿಸಿದಳು. ಚಿತ್ರದಲ್ಲಿ ಕುಲುಮೆಯಿದ್ದ ಕಡೆ ಒಬ್ಬಾತ ನಾಯಿಗೆ ಚೆಂಡೆಸೆಯುತ್ತಿದ್ದ. ಇನ್ನೂ ಮುಂದೆ ನದಿ ಸಮುದ್ರ ಸೇರುವ ಕೆಸರಿನಲ್ಲಿ ಸೀಲು ಎಂಬ ಕಡಲ ಪ್ರಾಣಿಗಳು ಮಲಗಿದ್ದವು. ಸೀಲು ಬಿದ್ದ ಮೇಲೆ ದಾಖಲೆ ಪಕ್ಕಾ ಎಂದು ನಾನು ತಮಾಷೆ ಮಾಡಿದೆ. ಮನೆಯಲ್ಲಿ ಯಾರೂ ನಗಲಿಲ್ಲ.

ವಾಪಸು ಬರುವಾಗ ಓಣಿಯ ಮನೆಯೊಂದರ ಹಿತ್ತಲಲ್ಲಿ ಅಜ್ಜಿಯೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಫೋನು ಹಿಡಿದು ಬರುವ ಕ್ಲೊಟಿಲ್ಡಾಳನ್ನು ಕಂಡು, ಮುನಿಸಿಪಾಲಿಟಿಯಿಂದ ಬಂದದ್ದೋ ಎಂದು ಗದರಿದಳು. ಬಹ್ರೈನಿನ ಹುಡುಗಿಯೊಬ್ಬಳ ಪ್ರಾಜೆಕ್ಟು ಎಂದು ತಿಳಿದ ಮೇಲೆ ಆಕೆಯ ಮಾತು ನಿಲ್ಲಲೇ ಇಲ್ಲ. ಗಂಡ ಕುಲುಮೆಯಲ್ಲಿದ್ದನಂತೆ. ಗಾಳಿ ನದಿಯ ಕಡೆಯದಾದರೆ ಮಾತ್ರ ಬಟ್ಟೆ ಹೊರಗೆ, ಕಾರ್ಖಾನೆಯ ಕಡೆಯದಾದರೆ ಒಗೆದದ್ದೆಲ್ಲ ಒಳಗೆ. ಕಾರ್ಖಾನೆ ಹೋಗಿ ವರ್ಷಗಳಾದರೂ ಅತ್ತ ಒಮ್ಮೆ ನೋಡದೆ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಲು ಇಂದಿಗೂ ಕೈ ಬರುವುದಿಲ್ಲ ಎಂದಳು.

ಉಕ್ಕಿನ ಊರಿನ ಈ ಕತೆ ಕೇಳುತ್ತ ನಿಂತದ್ದರಲ್ಲಿ ನಮ್ಮ ಒಲೆಯ ಹಾಲು ಉಕ್ಕಿತು. ಶಾಲೆಟ್ ಬೆಂಕಿ ಆರಿಸಿ ಫೋನಿಗೆ ಬಾಗಿದಳು.

“ಅಕ್ಕಾ, ಆ ಅಜ್ಜಿಗೆ ಹೇಳು, ನಮ್ದೂ ಅದೇ ಕತೆ ಅಂತ. ಶಮಾಲ್ ಬೀಸಿದ್ರೆ ಟೆರೇಸು, ಇಲ್ಲದಿದ್ರೆ ಬಾತ್‌ರೂಮು.”

ಶಮಾಲ್ ಎಂದರೆ ಇಲ್ಲಿಯ ಉತ್ತರದ ಗಾಳಿ. ತೆಂಕಣ ಗಾಳಿಯಾದರೆ ನಮ್ಮ ಅಂಗಿಗಳಿಗೆ ಕಾರ್ಖಾನೆಗಳ ವಾಸನೆ ಹತ್ತುತ್ತದೆ. ಅದಕ್ಕೇ ನಮ್ಮ ಕಟ್ಟಡದ ಹೆಂಗಸರೆಲ್ಲ ಬಕೆಟ್ಟು ಎತ್ತುವ ಮೊದಲು ಕಿಟಕಿಯಿಂದ ದೂರದ ಚಿಮಣಿಯ ಜ್ವಾಲೆ ಯಾವ ಕಡೆ ವಾಲಿದೆ ಎಂದು ನೋಡುತ್ತಾರೆ. ಮೆಲಿಸ್ಸಾ ಎರಡೂ ಊರಿನ ನಕ್ಷೆ ಅಕ್ಕಪಕ್ಕ ಬರೆದು ಗಾಳಿಗೆ ಬಾಣ, ಬಟ್ಟೆಗೆ ಹಗ್ಗ ಎಳೆದಳು. ‘ಆ ಉಪನಗರದಲ್ಲಿ ಕೈಗಾರಿಕೆ ನಿಂತಿದೆ, ಅದು ಕಲಿಸಿದ ಅಭ್ಯಾಸ ನಿಂತಿಲ್ಲ. ಅದು ಹಿಂದೆ ಹೇಗಿತ್ತು ಎಂದು ತಿಳಿಯಲು ನಮ್ಮ ಟೆರೇಸಿಗೆ ಬನ್ನಿ’ ಎಂದು ಕೊನೆಗೆ ಬರೆದಳು. ನೀವು ಅದರ ಮೇಲೆ ಕೆಂಪು ಗೆರೆ ಎಳೆದು ‘ವಿಷಯಾಂತರ, ಪಾಠ ಆರು ನೋಡಿ’ ಎಂದಿರಿ. ಎರಡು ದೇಶಗಳ ಹೆಂಗಸರಿಗೆ ಒಂದೇ ಸಾಲಿನಲ್ಲಿ ಅರ್ಥವಾದದ್ದು ವಿಷಯಾಂತರವಾದರೆ, ವಿಷಯ ಯಾವುದು ಸ್ವಾಮಿ? ಹತ್ತಿಯೇ?

ನಮ್ಮ ಕೆಳಗಿನ ಮನೆಯ ಉಸ್ಮಾನ್ ಬ್ಯಾರಿ ಕಂಪನಿಯ ಶಿಫ್ಟ್ ಬಸ್ಸು ಓಡಿಸುವವರು. ಸುದ್ದಿ ಕೇಳಿ, “ಎಂತ ಮಾರಾಯ್ರೆ, ಫ್ಯಾಕ್ಟರಿ ಊರು ನೋಡ್ಲಿಕ್ಕೆ ಲಂಡನ್ನಿಗೆ ಹೋಗ್ಬೇಕಾ? ನಿಮ್ಮ ಆ ಸರ್‌ನ ಒಂದು ದಿನ ನನ್ನ ಬಸ್ಸಿಗೆ ಹತ್ತಿಸಿ. ಟಿಕೇಟು ಇಲ್ಲ” ಎಂದರು. ಆಹ್ವಾನ ನಿಮಗೆ ತಲುಪಿಸಿದ್ದೇನೆ.

ಮಂಗಳವಾರ ನಾನೂ ಮೆಲಿಸ್ಸಾಳೂ ನಿಮ್ಮ ಕೋಣೆಗೆ ಬಂದಿದ್ದೆವು. ಸಿಲೆಬಸ್ಸು, ಶಿಸ್ತು, ಏಕರೂಪತೆ ಎಂಬ ಮೂರು ಮುತ್ತುಗಳನ್ನು ನೀವು ನನಗೆ ಪೋಣಿಸಿಕೊಟ್ಟಿರಿ. ನಾನು ತಲೆದೂಗುತ್ತಿದ್ದೆ. ಕೇಳಬೇಕಾದ್ದನ್ನು ಕೇಳಿದವಳು ಅವಳು.

“ಸರ್, ಅಲ್ಲಿ ಈಗ ಫ್ಯಾಕ್ಟರಿ ಇಲ್ಲ. ಉಂಟು ಅಂತ ಬರೆದ್ರೆ ಮಾರ್ಕ್ಸ್ ಕೊಡ್ತೀರಾ?”

“ಖಂಡಿತ,” ಎಂದಿರಿ ನೀವು. “ಬುಕ್ಕಲ್ಲಿ ಇದೆಯಲ್ಲ.”

ಮಾನ್ಯರೇ, ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಡಪಾಯಿ ಪುಸ್ತಕ ಹಳತಾಗುವುದು ಅದರ ತಪ್ಪಲ್ಲ. ಆದರೆ ಕಿಟಕಿಯಾಚೆ ಕಾರ್ಖಾನೆಗಳಿರುವ ಹುಡುಗಿಗೆ ಇಲ್ಲದ ಕಾರ್ಖಾನೆ ತೋರಿಸಿ, ಇರುವುದನ್ನು ನೋಡಬೇಡ ಎನ್ನುವ ವಿದ್ಯೆಗೆ ಭೂಗೋಳ ಎಂದು ಹೆಸರಿಟ್ಟರೆ ಭೂಮಿಗೂ ಬೇಸರವಾದೀತು. ಕಣ್ಣಾರೆ ಕಂಡದ್ದಕ್ಕೆ ಸೊನ್ನೆ, ಕಾಣದ್ದಕ್ಕೆ ಪೂರ್ಣಾಂಕ ಎಂಬ ಪದ್ಧತಿ ನಮ್ಮ ಚರ್ಚಿನ ಧರ್ಮೋಪದೇಶ ತರಗತಿಯಲ್ಲಿದೆ. ಅಲ್ಲಿ ಅದು ಶೋಭಿಸುತ್ತದೆ. ಭೂಗೋಳ ಬಿಟ್ಟರೆ ಬೇರಾವ ವಿಷಯದ ಪುಸ್ತಕವನ್ನೂ ಹೇಳಿಸಿಕೊಳ್ಳದೆ ತೆರೆಯದ ಹುಡುಗಿ ಅವಳು. ಅದೊಂದನ್ನು ನೀವು ಕಿತ್ತುಕೊಂಡರೆ ಅವಳಿಗೆ ಉಳಿಯುವುದು ಅಕೌಂಟ್ಸು. ಅಕೌಂಟ್ಸ್ ಓದಿದವರ ಗತಿ ಏನೆಂದು ನಿಮಗೆ ಪತ್ರ ಬರೆಯುತ್ತಿರುವವನನ್ನು ನೋಡಿದರೆ ತಿಳಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಸೊನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ, ಅವಳಿಗೆ ಭೂಗೋಳ ಕೊಡಿ. ಆಗುವುದಿಲ್ಲವೆಂದಾದರೆ ಸೊನ್ನೆಯ ಕೆಳಗೆ ‘ಈ ಹುಡುಗಿ ಬರೆದದ್ದು ನಿಜ, ಆದರೆ ನಮಗೆ ಬೇಡ’ ಎಂದು ಕೈಯಾರೆ ಬರೆದು ಸಹಿ ಹಾಕಿ. ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕುವ ಜವಾಬ್ದಾರಿ ನನ್ನದು.

ಭಾನುವಾರ ಏನಾಗುತ್ತದೆಂದು ಮೊದಲೇ ತಿಳಿಸಿಬಿಡುತ್ತೇನೆ. ನಿನ್ನೆ ಸಂಜೆ ನಾನೇ ಅವಳ ಪಕ್ಕ ಕುಳಿತು, ಹೋಗಲಿ ಮಗಾ, ಎರಡು ಚಿಮಣಿ ಬರೆದುಬಿಡು, ಯಾರ ಗಂಟು ಹೋಗುತ್ತದೆ ಎಂದೆ. ಅವಳು ಪೆನ್ನು ಹಿಡಿದು ಆರನೇ ಪಾಠದ ಮೊದಲ ಸಾಲು ಇಳಿಸಿದಳು. ಎರಡನೆಯ ಸಾಲಿಗೆ ನಿಲ್ಲಿಸಿ ಪೆನ್ನನ್ನು ನನ್ನ ಕೈಗೆ ಕೊಟ್ಟಳು.

“ನಿಮಗೆ ಬೇಕಾದ್ರೆ ನೀವು ಬರೀರಿ ಪಪ್ಪಾ. ನಿಮ್ಮ ಹೆಸರಲ್ಲಿ.”

ಆಮೇಲೆ ಹಳೆಯ ಪ್ರಾಜೆಕ್ಟನ್ನೇ, ನಿಮ್ಮ ಕೆಂಪು ಗೆರೆಯ ಸಮೇತ, ಚೀಲಕ್ಕೆ ಹಾಕಿಕೊಂಡಳು. ಭಾನುವಾರ ನಿಮ್ಮ ಮೇಜಿಗೆ ಬರುವುದು ಅದೇ. ಪೆನ್ನು ನನ್ನ ಕೈಯಲ್ಲೇ ಉಳಿಯಿತು. ಹಾಗಾಗಿ ನಾನು ಇದನ್ನು ಬರೆದೆ.

ಇಂತಿ,
ಹೆಸರಿನಲ್ಲಿ ಆಸ್ಟ್ರೇಲಿಯಾ, ವಿಳಾಸದಲ್ಲಿ ಸಿತ್ರಾ, ಮಗಳ ದೆಸೆಯಿಂದ ಇಂಗ್ಲೆಂಡಿನ ಕೆಸರಲ್ಲಿ ನಿಂತಿರುವ ತಮ್ಮ ವಿಧೇಯ ಪೋಷಕ,
ಸಿಡ್ನಿ