ಒಂದೇ ಕ್ಯಾನು

೨೧-೮-೧೯೬೬, ಭಾನುವಾರ

ಮೇಲುಗೇರಿಯ ಗೌರಮ್ಮನ ಮಾತು ಇನ್ನೂ ಚುಚ್ಚುತ್ತಿದೆ. “ಕೆಳಗೇರಿಯೋರ ಆಲು ಇದೇ ಕ್ಯಾನಿಗೆ ಬಿದ್ರೆ ನಾವು ಸಂಗ ಬಿಡ್ತೀವಿ ಕಣಕ್ಕ.”

ಅಮೃತಹಳ್ಳಿ ಹೆಂಗಸರ ಹಾಲಿನ ಸಂಘಕ್ಕೆ ಅಧ್ಯಕ್ಷೆಯಾಗಿ ಇಂದು ಸಭೆಯಲ್ಲಿ, ಎಲ್ಲ ಕೇರಿಗಳ ಹಾಲೂ ಒಂದೇ ಕ್ಯಾನಿಗೆ ಎಂಬ ನಿಯಮಗಳನ್ನು ಓದಿದೆ. ಎಲ್ಲರೂ ನೆಲ ನೋಡುತ್ತಾ ಕೂತಿದ್ದರು. ಸಾಕಾಗಿ ಕಾಗದ ಮಡಚಿಟ್ಟು ಕಥೆ ಶುರುಮಾಡಿದೆ. ತಾಯಿ ಸತ್ತ ಕೂಸೊಂದು ಹಸಿದು ಅಳುತ್ತಿತ್ತು, ಅದರ ಅಜ್ಜಿ ಹಾಲಿಗಾಗಿ ಮನೆಮನೆಯ ಬಾಗಿಲು ತಟ್ಟಿದಳು ಎಂದೆ. ಮೂಲೆಯಲ್ಲಿದ್ದ ಮುದುಕಿ ಸೊಣ್ಣಮ್ಮ ತನಗರಿವಿಲ್ಲದೆ “ಹೂಂ” ಅಂದಳು. ಕಥೆ ಕೇಳುತ್ತಾ ಹೂಂಗುಟ್ಟದೆ ಇರುವುದು ನಮ್ಮೂರಲ್ಲಿ ಯಾರಿಂದಲೂ ಆಗದು. ಸ್ವಲ್ಪ ಹೊತ್ತಿಗೆ ಗೌರಮ್ಮನೂ ಹೂಂಗುಟ್ಟಿದಳು.

“ಕೊನೆಗೆ ಒಂದು ಬಾಗ್ಲು ತೆರೀತು” ಎಂದು ನಿಲ್ಲಿಸಿಬಿಟ್ಟೆ.

“ಯಾರ ಮನೇದಕ್ಕ?” ಗೌರಮ್ಮನೇ ಕೇಳಿದಳು.

“ಬೆಳಿಗ್ಗೆ ಆಲು ತಗೊಂಡು ಬನ್ನಿ, ಕ್ಯಾನಿನ ಅತ್ರ ಹೇಳ್ತೀನಿ.”

ಬಂದೇ ಬರುತ್ತಾರೆ. ಕೆಳಗೇರಿಯ ರಾಮಲಕ್ಷ್ಮಮ್ಮನಿಂದ ಮೊದಲು ಹಾಲು ಸುರಿಸುತ್ತೇನೆ, ಅದರ ಮೇಲೆ ನನ್ನದನ್ನು ಸುರಿಯುತ್ತೇನೆ. ಆಮೇಲೆ ಕಥೆ ಮುಗಿಸುತ್ತೇನೆ. ಅಂದು ಬಾಗಿಲು ತೆರೆದವಳು ರಾಮಲಕ್ಷ್ಮಮ್ಮನ ಅತ್ತೆ. ಆ ಹಾಲು ಕುಡಿದು ಬದುಕಿದ ಕೂಸು ನಾನು.

ಹೇಳಿಯೇ ತೀರುತ್ತೇನೆ, ಹೂಂ ಅನ್ನಲು ಒಬ್ಬರೂ ನಿಲ್ಲದಿದ್ದರೂ.